ಹೂಂ ಅಂದದ್ದು ಒಪ್ಪಿಗೆಯಲ್ಲ

ಹಾನಗಲ್ಲಿನ ಹಳೆಯ ಪೇಟೆಯಲ್ಲಿ ಚುರುಮುರಿ ಭಟ್ಟಿಯ ಶಂಕ್ರವ್ವನ ಹೆಸರೆತ್ತಿದರೆ ಜನ ಇಂದಿಗೂ ಮೊದಲು ನಗುತ್ತಾರೆ. ಸಾಲ ವಸೂಲಿಗೆ ಬಂದವನ ಬಾಯಿಗೆ ಹಿಡಿ ಚುರುಮುರಿ ತುಂಬಿ, ಅವನಿಂದಲೇ 'ಹೂಂ' ಅನ್ನಿಸಿ, ಸಾಲವನ್ನೇ ಹಾರಿಸಿಬಿಟ್ಟಳಂತೆ ಎಂಬುದು ಅವರು ಹೇಳುವ ಕಥೆ. ಹೇಳುವವರಲ್ಲಿ ಹೆಚ್ಚಿನವರು ಆಗ ಹುಟ್ಟಿಯೇ ಇರಲಿಲ್ಲ. ಆಕೆ ಯಾರ ಸಾಲವನ್ನೂ ಹಾರಿಸಲಿಲ್ಲ. ಆ ಒಂದು 'ಹೂಂ'ನಿಂದ ಪ್ರಕರಣ ಮುಗಿಯಲೂ ಇಲ್ಲ. ಒಬ್ಬ ಹೆಣ್ಣುಮಗಳು ಒಂದು ಇಡೀ ಮಳೆಗಾಲ ಹಲ್ಲುಕಚ್ಚಿ ನಿಂತದ್ದನ್ನು ಎಲೆ-ಅಡಿಕೆಯ ಜೊತೆ ಮೆಲ್ಲುವ ನಗೆಮಾತಾಗಿ ಮಾಡಿಕೊಳ್ಳುವುದು ನ್ಯಾಯವಲ್ಲ. ಇದು ನಡೆದ ೧೯೪೧ರಲ್ಲಿ ನಾನು ಅಲ್ಲಿಯ ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗಿದ್ದೆ. ಕಂಡದ್ದನ್ನು ಕಂಡೆನೆಂದೂ, ಕೇಳಿದ್ದನ್ನು ಯಾರಿಂದ ಕೇಳಿದೆನೆಂದೂ ಬೇರೆ ಬೇರೆಯಾಗಿ ಬರೆಯುತ್ತೇನೆ.

ಶಂಕ್ರವ್ವನ ತವರು ಹಿರೇಕೆರೂರು ತಾಲೂಕಿನ ಮಾಸೂರು. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ಕೂಲಿಗೆ ನಾಟಿ ಮಾಡುತ್ತ ಬೆಳೆದವಳು. ಭತ್ತವನ್ನು ಕಾಳು ಹಿಡಿದೇ ಗುರುತಿಸಬಲ್ಲಳು ಎಂಬ ಒಂದೇ ಕಾರಣಕ್ಕೆ ಹಾನಗಲ್ಲಿನ ಮೈಲಾರಪ್ಪ ಆಕೆಯನ್ನು ಸೊಸೆಯಾಗಿ ತಂದನೆಂದು ಜನ ಹೇಳುತ್ತಿದ್ದರು. ಮೈಲಾರಪ್ಪನದು ಪೇಟೆಯ ಹಿಂದಿನ ಓಣಿಯಲ್ಲಿ ಚುರುಮುರಿ ಭಟ್ಟಿ. ಭತ್ತವನ್ನು ನೆನೆಸಿ, ಕುದಿಸಿ, ಒಣಗಿಸಿ, ಕುಟ್ಟಿ, ಆ ಅಕ್ಕಿಗೆ ಉಪ್ಪುನೀರು ಹಚ್ಚಿ, ಕಾದ ಉಸುಕಿಗೆ ಹಾಕಿ ಅರಳಿಸುವ ಕೆಲಸ. ಉಸುಕಿನ ಕಾವು ಸ್ವಲ್ಪ ತಗ್ಗಿದರೂ ಅಕ್ಕಿ ಅರಳುವುದಿಲ್ಲ, ಸ್ವಲ್ಪ ಏರಿದರೂ ಕರಕಾಗುತ್ತದೆ. ಮಾವ ತೀರಿಕೊಂಡ ಮೇಲೆ ಆ ಭಟ್ಟಿಯನ್ನು ನಡೆಸಿದವಳು ಆಕೆಯೇ. ಮನೆ, ಮೂರು ಮಕ್ಕಳು, ಒಂದು ಎಮ್ಮೆ, ಎಲ್ಲವೂ ಆ ಒಲೆಯ ಮೇಲೆ ನಿಂತಿದ್ದವು.

ಗಂಡ ಗುದ್ಲೆಪ್ಪ ಕೆಲಸಗಳ್ಳನಲ್ಲ. ಹೊಟ್ಟು ಹೊರುತ್ತಿದ್ದ, ಭತ್ತ ತರುತ್ತಿದ್ದ, ಸಂತೆಗೆ ಚೀಲ ಸಾಗಿಸುತ್ತಿದ್ದ. ಆದರೆ ಪೇಟೆಯಲ್ಲಿ ಅವನು ಹೆಸರುವಾಸಿಯಾದದ್ದು ಬೇರೊಂದು ಗುಣಕ್ಕೆ. ನಮ್ಮ ಕಡೆ ಮಾತು ಕೇಳುವವನು ನಡುನಡುವೆ 'ಹೂಂ' ಎನ್ನದಿದ್ದರೆ ಹೇಳುವವನ ಮಾತು ಮುಂದೆ ಹೋಗುವುದಿಲ್ಲ. ಸುಮ್ಮನಿದ್ದರೆ ಅವಮಾನ ಮಾಡಿದಂತೆ. ಗುದ್ಲೆಪ್ಪನಷ್ಟು ಹದವಾಗಿ ಹೂಂಗುಟ್ಟುವವನು ಹಾನಗಲ್ಲಿನಲ್ಲಿ ಇನ್ನೊಬ್ಬನಿರಲಿಲ್ಲ. ಬೀಗರ ಜಗಳ, ಎತ್ತಿನ ವ್ಯಾಪಾರ, ಹೊಟ್ಟೆನೋವು, ಏನೇ ಹೇಳುವುದಿದ್ದರೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಭಟ್ಟಿಯ ಮಗ್ಗುಲಿಗೆ ಸವಣೂರಿನಿಂದ ಎಲೆ ತಂದು ಮಾರುವ ಕರೀಮಸಾಬರ ಅಂಗಡಿ, ಅದರ ಮುಂದೊಂದು ಕಟ್ಟೆ. ಆ ಕಟ್ಟೆಯೇ ಅವನ ಸ್ಥಾನ.

ಇನ್ನು ಸಾಲದ ಮಾತು. ಸಾಲ ಇದ್ದದ್ದು ನಿಜ. ೧೯೩೨ರಲ್ಲಿ ಮೈಲಾರಪ್ಪ ಭಟ್ಟಿಯ ಮಾಡು ಹೊಸದಾಗಿ ಹೊದಿಸಲು ಹಿರೇಕೆರೂರಿನ ಒಬ್ಬ ಸಾಹುಕಾರನಿಂದ ನೂರೈವತ್ತು ರೂಪಾಯಿ ತೆಗೆದುಕೊಂಡಿದ್ದ. ಎರಡು ಸುಗ್ಗಿ ಗಾಡಿಯಲ್ಲಿ ಭತ್ತ ಹಾಕಿ ತೀರಿಸಿದನೆಂದು ಮನೆಯವರು ಹೇಳುತ್ತಿದ್ದರು. ಭತ್ತ ಹೋದದ್ದನ್ನು ಕಂಡವರು ಓಣಿಯಲ್ಲಿ ಹಲವರಿದ್ದರು. ಸಾಲ ಪೂರ್ತಿ ಮುಟ್ಟಿತೆಂಬುದಕ್ಕೆ ಮನೆಯವರ ಮಾತಿನ ಹೊರತು ಬೇರೆ ಆಧಾರವನ್ನು ನಾನು ಕಂಡಿಲ್ಲ. ಮೈಲಾರಪ್ಪ ೧೯೩೬ರಲ್ಲಿ ಸತ್ತ. ಸಾಹುಕಾರನೂ ಮುಂದೆ ತೀರಿಕೊಂಡ. ಅವನ ಮಕ್ಕಳು ಹುಬ್ಬಳ್ಳಿಗೆ ಹೋಗುವಾಗ ಮನೆಯಲ್ಲಿದ್ದ ಹಳೆಯ ಸಾಲದ ಕಾಗದಗಳನ್ನು ಗಂಟು ಕಟ್ಟಿ ಮಹಾಲಿಂಗಪ್ಪನೆಂಬವನಿಗೆ ಕೊಟ್ಟರೆಂದು ಸುದ್ದಿಯಿತ್ತು. ಈ ಮಹಾಲಿಂಗಪ್ಪನ ಉದ್ಯೋಗವೇ ಅದು: ಸತ್ತವರ ಸಾಲವನ್ನು ಬದುಕಿದವರಿಂದ ಕೀಳುವುದು. ಅವನ ಜೊತೆಗೆ ಸದಾ ಕರಿಕೋಟು ತೊಟ್ಟ ಒಬ್ಬ ಆಸಾಮಿ ಇರುತ್ತಿದ್ದ. ಧಾರವಾಡದ ದೊಡ್ಡ ವಕೀಲರ ಕಡೆಯವನೆಂದು ಹೇಳಿಕೊಳ್ಳುತ್ತಿದ್ದ. ಯಾವ ವಕೀಲರೆಂದು ಕೊನೆಯವರೆಗೂ ಯಾರಿಗೂ ತಿಳಿಯಲಿಲ್ಲ.

ಅವರು ಮೊದಲ ಸಲ ಬಂದದ್ದು ಶಂಕ್ರವ್ವ ಊರಲ್ಲಿಲ್ಲದ ದಿನ. ಆಕೆ ಚಿಕ್ಕೇರೂರಿಗೆ ತಂಗಿಯ ಬಾಣಂತನಕ್ಕೆ ಹೋಗಿದ್ದಳು. ಕಟ್ಟೆಯ ಮೇಲೆ ಗುದ್ಲೆಪ್ಪನಲ್ಲದೆ ಪೇಟೆಯ ಹಿರಿಯರಾದ ಅಡಿಕೆ ವ್ಯಾಪಾರಿ ಚನ್ನವೀರಪ್ಪನವರು, ಇನ್ನಿಬ್ಬರು ಗಿರಾಕಿಗಳು ಇದ್ದರು. ಮುಂದಿನ ಮಾತುಗಳನ್ನು ನನಗೆ ಹೇಳಿದವರು ಕರೀಮಸಾಬರು.

ಮಹಾಲಿಂಗಪ್ಪ ಬಂದವನೇ ನಮಸ್ಕಾರ ಮಾಡಿ, ಎಲೆ ಹಾಕಿಕೊಂಡು, ಬಹಳ ಸಾವಧಾನದಿಂದ ಶುರುಮಾಡಿದನಂತೆ.

"ನಿಮ್ಮಪ್ಪ ಮೈಲಾರಪ್ಪ ಹಿರೇಕೆರೂರು ಸಾವ್ಕಾರ್ರ ಕಡೆ ನೂರಾಐವತ್ತು ರೂಪಾಯಿ ಇಸಗೊಂಡಿದ್ದ, ಗುದ್ಲೆಪ್ಪ."

"ಹೂಂ."

"ವರ್ಷಕ್ಕ ನೂರಕ್ಕ ಹದಿನೆಂಟು ಬಡ್ಡಿ ಅಂತ ಬರಕೊಟ್ಟಾನ."

"ಹೂಂ."

"ಅಸಲು ಬಡ್ಡಿ ಕೂಡಿ ಈಗ ಮುನ್ನೂರಾ ತೊಂಬತ್ತಮೂರು ಆಗೇತಿ. ಅಪ್ಪ ಹ್ವಾದ ಮ್ಯಾಲೆ ಅದು ಮಗನ ಮ್ಯಾಲೆ ಬರತೈತಿ."

"ಹೂಂ."

ಅಷ್ಟಕ್ಕೆ ಮಹಾಲಿಂಗಪ್ಪ ಎದ್ದು ನಿಂತು ಎಲ್ಲರ ಮುಖ ನೋಡಿದ. "ಕೇಳಿದ್ರ್ಯಲ್ರಿ? ನಾಕ ಮಂದ್ಯಾಗ ಒಪ್ಪಿಕೊಂಡಾನ. ಕರೀಮಸಾಬ್ರ, ನೀವು ಸಾಕ್ಷಿ."

"ನಾ ಎಲಿ ಎಣಸಾಕತ್ತಿದ್ದೆ, ನನ್ನ ಬಿಡ್ರಿ," ಎಂದರು ಕರೀಮಸಾಬರು.

ಗುದ್ಲೆಪ್ಪನಿಗೆ ಆಗ ಎಚ್ಚರವಾಯಿತು. "ನಾ ಏನು ಒಪ್ಪಿಕೊಂಡೆ?"

"ಒಂದೊಂದು ಮಾತಿಗೂ ಹೂಂ ಅಂದಿ. ಹಿರ್‍ಯಾರ ಮುಂದ ಆಡಿದ್ದನ್ನ ಈಗ ನುಂಗತೀಯೇನು? ಮೈಲಾರಪ್ಪನ ಹೊಟ್ಟ್ಯಾಗ ಹುಟ್ಟಿದಂವ ಹಂಗ ಮಾಡೂದುಲ್ಲ ಬಿಡು." ಮುಂದಿನ ಸಲ ಸರಕಾರಿ ಮುದ್ರೆಯ ಛಾಪಾ ಕಾಗದ ತರುವುದಾಗಿಯೂ, ಹೆಬ್ಬೆಟ್ಟು ಒತ್ತಿಕೊಟ್ಟರೆ ಕಂತಿನಲ್ಲಿ ತೀರಿಸಬಹುದೆಂದೂ, ಇಲ್ಲವಾದರೆ ಹಾವೇರಿ ಕೋರ್ಟಿನಲ್ಲಿ ದಾವೆ ಹಾಕಿ ಭಟ್ಟಿಯನ್ನು ಜಪ್ತಿ ಮಾಡಿಸುವುದಾಗಿಯೂ ಹೇಳಿ ಇಬ್ಬರೂ ಹೋದರು.

ಶಂಕ್ರವ್ವ ಊರಿಗೆ ಮರಳಿದಾಗ ಸುದ್ದಿ ಆಕೆಗಿಂತ ಮೊದಲೇ ಓಣಿಯ ತುದಿಯಲ್ಲಿ ನಿಂತಿತ್ತು. ಆ ದಿನ ಮನೆಯಲ್ಲಿ ನಡೆದ ಮಾತನ್ನು ಆಕೆಯೇ ಮುಂದೆ ನಮ್ಮ ಮನೆಯವರಿಗೆ ಹೇಳಿದ್ದಳು.

"ಹೂಂ ಅಂದ್ರಂತ?"

"ಅವ್ರು ಹೇಳಾಕತ್ತಿದ್ರು. ಸುಮ್ಮನ ಕುಂತ್ರ ಹೆಂಗ?"

"ನೀವು ಎಮ್ಮಿ ಒದರಿದ್ರೂ ಹೂಂ ಅಂತೀರಿ."

"ಎಮ್ಮಿಗೆ ಯಾಕ ಅನ್ಲಿ."

"ಮೊನ್ನಿ ಅಂದ್ರಿ. ನಾನ ಕೇಳೇನಿ."

ಗುದ್ಲೆಪ್ಪ ನಗಲಿಲ್ಲ. ಗೋಡೆಗೆ ಒರಗಿ ಕುಳಿತು, "ನಾಕ ಮಂದ್ಯಾಗ ಅಂದೇನಿ, ಶಂಕ್ರಿ. ಇನ್ನ ಹಿಂದ ತಗೊಳ್ಳಾಕ ಬರೂದುಲ್ಲ," ಎಂದನಂತೆ.

ಎರಡನೆಯ ಸಲ ಅವರು ಬಂದಾಗ ನಾನು ಚುರುಮುರಿ ಕೊಳ್ಳಲು ಅಲ್ಲೇ ನಿಂತಿದ್ದೆ. ಶಂಕ್ರವ್ವ ಒಲೆಯ ಮುಂದಿದ್ದಳು. ಕರಿಕೋಟಿನವನು ಛಾಪಾ ಕಾಗದವನ್ನೂ ಮಸಿಯ ಡಬ್ಬಿಯನ್ನೂ ಕಟ್ಟೆಯ ಮೇಲೆ ಇಟ್ಟ. ಆಕೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ನಮ್ಮ ಮಾವನೋರು ಬರಕೊಟ್ಟ ಅಸಲು ಕಾಗದ ತೋರಸ್ರಿ."

"ಅದನ್ನ ಕೋರ್ಟಿನ್ಯಾಗ ತೋರಸ್ತೇವಿ ತಂಗಿ," ಎಂದ ಮಹಾಲಿಂಗಪ್ಪ.

"ಅದನ್ನ ಅಲ್ಲಿ ತೋರಸೋರು ಇದಕ್ಕ ಇಲ್ಲಿ ಯಾಕ ಹೆಬ್ಬೆಟ್ಟು ಕೇಳತೀರಿ?"

ಕರಿಕೋಟಿನವನು ಗಂಟಲು ಸರಿಮಾಡಿಕೊಂಡು, ಇದು ಕೇವಲ ರಿವಾಜು, ನೋಟೀಸು ಮುಟ್ಟಿತೆಂಬುದಕ್ಕೆ ಗುರುತು, ಒತ್ತದಿದ್ದರೆ ಜಪ್ತಿಗೆ ಕೋರ್ಟಿನ ಬೇಲೀಫ ಬಂದು ಒಲೆಯ ಮೇಲಿನ ಬಾಂಡ್ಲಿಯನ್ನೂ ಎತ್ತಿಕೊಂಡು ಹೋಗುತ್ತಾನೆ ಎಂದ. ಕಾಗದದಲ್ಲಿ ಬರೆದದ್ದು ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಅದರಲ್ಲಿ ನೋಟೀಸಿನ ಸುದ್ದಿಯೇ ಇರಲಿಲ್ಲ. ಮುನ್ನೂರಾ ತೊಂಬತ್ತಮೂರು ರೂಪಾಯಿ ಕೊಡಲು ಬದ್ಧನೆಂದು ಗುದ್ಲೆಪ್ಪ ಆ ದಿನ ಹೊಸದಾಗಿ ಬರೆದುಕೊಡುತ್ತಿರುವಂತೆ ಒಕ್ಕಣೆಯಿತ್ತು. ಇದನ್ನು ನಾನು ಎತ್ತಿ ಹೇಳಿದೆ. ಸರಕಾರಿ ನೌಕರರು ಖಾಸಗಿ ವ್ಯವಹಾರದಲ್ಲಿ ಕೈಹಾಕಬಾರದೆಂದು ಆತ ನನಗೆ ಉಪದೇಶ ಮಾಡಿದ. ಇಂಥವರು ಸುಳ್ಳು ಹೇಳುವುದಕ್ಕಿಂತ ಕಾಯದೆಯ ದನಿಯಲ್ಲಿ ಸುಳ್ಳು ಹೇಳುವುದು ನನಗೆ ಇಂದಿಗೂ ಸಹಿಸಲಾಗದ ಮಾತು.

ಕರೀಮಸಾಬರು ಅಂಗಡಿಯೊಳಗಿಂದಲೇ ಮಾತು ತೆಗೆದರು. "ಅಲ್ರೀ ಕೋಟಿನ ಸಾಹೇಬ್ರ, ಹೋದ ತಿಂಗಳ ನಮ್ಮ ಸವಣೂರಾಗ ಎಲಿತ್ವಾಟದ ಮಾಬೂಬಿ ಮನಿಗೂ ಹೋಗಿದ್ರ್ಯಂತ. ಹಾವೇರಿ ಬೇಲೀಫನ್ನ ಕಳಸ್ತೇನಿ ಅಂದ್ರ್ಯಂತ. ಸವಣೂರು ನವಾಬರ ಸಂಸ್ಥಾನ ಐತಿ, ಇಂಗ್ರೇಜಿ ಬೇಲೀಫ ಅಲ್ಲಿಗೆ ಹೆಂಗ ಬರ್ತಾನ? ಬೀಗತನಕ್ಕ ಬರ್ತಾನೇನು?"

ಸುತ್ತಲಿನವರು ನಕ್ಕರು. ಮಹಾಲಿಂಗಪ್ಪ ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಗುದ್ಲೆಪ್ಪನ ಕಡೆ ತಿರುಗಿ, "ಹೆಂಗಸರ ಮಾತು ಇರಲಿ. ನೀ ಹೂಂ ಅಂದಾಂವ. ಮುಂದಿನ ಸಂತಿ ದಿನ ಬರ್ತೇನಿ," ಎಂದ. ಅವನು ಯಾರನ್ನು ಹಿಡಿಯಬೇಕೆಂದು ಸರಿಯಾಗಿ ತಿಳಿದುಕೊಂಡಿದ್ದ.

ಮರುದಿನ ಶಂಕ್ರವ್ವ ಭಟ್ಟಿ ಆರಿಸಿ, ಮೋಟಾರು ಹತ್ತಿ ಹಾವೇರಿಗೆ ಹೋದಳು. ಆಕೆ ಅಲ್ಲಿಯವರೆಗೆ ಕೋರ್ಟಿನ ಮೆಟ್ಟಿಲು ಕಂಡವಳಲ್ಲ. ಮೂರು ಮಂದಿ ವಕೀಲರು ಆಕೆಯ ಸೀರೆ ನೋಡಿಯೇ ಹೊರಗೆ ಕೂರಿಸಿದರು. ನಾಲ್ಕನೆಯವರು ಒಂದು ರೂಪಾಯಿ ತೆಗೆದುಕೊಂಡು ಪೂರ್ತಿ ಕೇಳಿದರು. ಅವರು ಹೇಳಿದ್ದನ್ನು ಆಕೆ ಹಾದಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು ನಮ್ಮ ಮನೆಯಲ್ಲಿ ಒಪ್ಪಿಸಿದಳು: ಇಂಥ ಸಾಲಕ್ಕೆ ಮೂರು ವರ್ಷದ ಮುದ್ದತ್ತು, ಅಷ್ಟರೊಳಗೆ ದಾವೆ ಹಾಕದಿದ್ದರೆ ಕೋರ್ಟಿನ ಮಟ್ಟಿಗೆ ಆ ಸಾಲ ಸತ್ತಂತೆ, ಬಾಯಿಂದ ಅಂದ 'ಹೂಂ'ಗೆ ಅಲ್ಲಿ ಬೆಲೆಯಿಲ್ಲ, ಆದರೆ ಹೊಸ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಸತ್ತ ಸಾಲ ಎದ್ದು ಕೂರುತ್ತದೆ. ಅವರಿಗೆ ಬೇಕಾದದ್ದು ರೊಕ್ಕಕ್ಕಿಂತ ಮೊದಲು ಆ ಹೆಬ್ಬೆಟ್ಟು.

ಹಾನಗಲ್ಲಿನ ಕಥೆಗಾರರು ಇದನ್ನು ಬಿಟ್ಟುಬಿಡುತ್ತಾರೆ. ಚುರುಮುರಿಯ ಮಾತಿಗೆ ಮೊದಲೇ ಕಾಯದೆ ಆಕೆಯ ಕಡೆಗಿತ್ತು, ಅದು ಆಕೆಗೆ ಗೊತ್ತೂ ಇತ್ತು. ಹಾಗಿದ್ದರೆ ತೊಡಕೇನು? ತೊಡಕು ಮನೆಯಲ್ಲೇ ಇತ್ತು. ಇದನ್ನೂ ಶಂಕ್ರವ್ವನೇ ನಮ್ಮ ಮನೆಯಲ್ಲಿ ಹೇಳಿದ್ದು.

"ಕೋರ್ಟಿಗೆ ಲೆಕ್ಕಿಲ್ಲ ಅಂದಿ. ದೇವರಿಗೂ ಲೆಕ್ಕಿಲ್ಲೇನು?" ಎಂದ ಗುದ್ಲೆಪ್ಪ. "ಚನ್ನವೀರಪ್ಪನೋರು ಇದ್ರು. ಅವ್ರ ಮುಂದ ಹೂಂ ಅಂದು ಈಗ ಇಲ್ಲ ಅಂದ್ರ ನಾಳಿ ನನ್ನ ಮಾತಿಗೆ ಭತ್ತ ಯಾರು ಕೊಡ್ತಾರ?"

"ಸಾಲ ತೀರೇತಿ ಅನ್ನೂದು ನಿಮಗ ಗೊತ್ತಿಲ್ಲೇನು? ಗಾಡಿ ನೀವ ಹೊಡದ್ರಿ. ಚೀಲ ನಾನ ಹೊಲದೇನಿ."

"ತೀರೇತಿ. ಆದ್ರೂ ಹೂಂ ಅಂದೇನಿ."

ಈ ಮಾತಿಗೆ ನಗುವವರು ನಗಲಿ. ಅಕ್ಷರ ಬಾರದ ಮನುಷ್ಯನಿಗೆ ಪೇಟೆಯಲ್ಲಿ ಇದ್ದ ಬಂಡವಾಳವೆಂದರೆ ಅವನ ಮಾತೊಂದೇ. ಆ ಮಾತಿನ ಮೇಲೆ ಅವನಿಗಿದ್ದ ಗೌರವವನ್ನೇ ಕುಣಿಕೆ ಮಾಡಿ ಮಹಾಲಿಂಗಪ್ಪ ಅವನ ಕೊರಳಿಗೆ ಹಾಕಿದ್ದ. ಗುದ್ಲೆಪ್ಪ ಕಟ್ಟೆಗೆ ಬರುವುದನ್ನು ಬಿಟ್ಟ. ಯಾರಾದರೂ ಮಾತಾಡಿಸಿದರೆ ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದ. ಸಂತೆಯ ದಿನ ಹೆಬ್ಬೆಟ್ಟು ಒತ್ತಿಯೇ ಬಿಡುತ್ತೇನೆಂದು ಹೆಂಡತಿಗೆ ಹೇಳಿದ. ಒತ್ತಿದ್ದರೆ, ಕಂತು ತಪ್ಪಿದ ಮೊದಲ ವರ್ಷವೇ ಭಟ್ಟಿ ಹೋಗುತ್ತಿತ್ತು. ಆದ್ದರಿಂದ ಶಂಕ್ರವ್ವ ಬಿಡಿಸಬೇಕಾದದ್ದು ಸಾಲವನ್ನಲ್ಲ, ಗಂಡನನ್ನು. ಅದೂ ಅವನು ಸಿಕ್ಕಿಕೊಂಡ ಜಾಗದಲ್ಲೇ, ಅದೇ ಜನರ ಮುಂದೆ. ಆಕೆ ಚನ್ನವೀರಪ್ಪನವರ ಮನೆಗೂ ಕರೀಮಸಾಬರ ಅಂಗಡಿಗೂ ಹೋಗಿ, ಸಂತೆಯ ದಿನ ಕಟ್ಟೆಗೆ ಬರಬೇಕೆಂದು ಕೇಳಿಕೊಂಡಳು. ಏಕೆಂದು ಹೇಳಲಿಲ್ಲ.

ಸಂತೆಯ ದಿನ ನಾನು ಊಟದ ಬಿಡುವಿನಲ್ಲಿ ಅಲ್ಲಿಗೆ ಹೋದೆ. ಆದ್ದರಿಂದ ಇದು ಕಂಡ ಮಾತು. ಚನ್ನವೀರಪ್ಪನವರು ಕಟ್ಟೆಯ ಮೇಲೆ, ಮಹಾಲಿಂಗಪ್ಪ ಅವರ ಮಗ್ಗುಲಿಗೆ, ಕರಿಕೋಟಿನವನು ಮಸಿಯ ಡಬ್ಬಿಯೊಂದಿಗೆ ತುದಿಯಲ್ಲಿ. ಗುದ್ಲೆಪ್ಪ ಕಂಬ ಹಿಡಿದು ನಿಂತಿದ್ದ. ಶಂಕ್ರವ್ವ ಎಲ್ಲರಿಗೂ ಬಿಸಿ ಚುರುಮುರಿ ಹಂಚಿದಳು, ಮಹಾಲಿಂಗಪ್ಪನಿಗೂ. ಅವನು ಆರಾಮವಾಗಿ ತಿನ್ನತೊಡಗಿದ. ಗೆದ್ದವನ ಹಸಿವು ಅದು.

"ಹೆಬ್ಬೆಟ್ಟು ಒತ್ತೂದಕ್ಕ ಮದ್ಲ ನನ್ನ ನಾಕ ಮಾತು ಕೇಳ್ರಿ ಅಣ್ಣಾರ," ಎಂದಳು.

"ಹೇಳವಾ, ಹೇಳು."

"ಆ ವರ್ಷ ಸುಗ್ಗ್ಯಾಗ ನಮ್ಮ ಮಾವನೋರು ಹಿರೇಕೆರೂರಿಗೆ ಗಾಡಿ ಹೂಡಿದ್ರು."

"ಹೂಂ."

"ಗಾಡಿ ತುಂಬ ಭತ್ತ ಇತ್ತು. ಚೀಲದ ಬಾಯಿ ನಾನ ಹೊಲದಿದ್ದೆ."

"ಹೂಂ," ಎಂದ ಮಹಾಲಿಂಗಪ್ಪ, ಇನ್ನೊಂದು ಹಿಡಿ ಬಾಯಿಗೆ ಹಾಕಿಕೊಂಡು.

"ಮರುವರ್ಷನೂ ಅಷ್ಟ ಭತ್ತ ಹಾಕಿದ್ರು. ಸಾವ್ಕಾರ್ರು ಅಳಸಿ ಒಳಗ ಹಾಕ್ಕೊಂಡ್ರು."

"ಹೂಂ."

"ಮೈಲಾರಪ್ಪ, ನಿನ್ನ ಸಾಲ ಮುಟ್ಟಿತು, ಇನ್ನ ನಿನಗೂ ನನಗೂ ಏನೂ ಇಲ್ಲ ಅಂದ್ರು."

"ಹೂಂ. ಮುಂದ?"

"ಮುಂದ ಏನೈತ್ರಿ? ಮುಟ್ಟಿತು. ಚನ್ನವೀರಪ್ಪನೋರ, ಕೇಳಿದ್ರ್ಯಲ್ರಿ? ಸಾಲ ಮುಟ್ಟೇತಿ ಅಂತ ನಾಕ ಮಂದ್ಯಾಗ ಒಪ್ಪಿಕೊಂಡ್ರು."

ಮಹಾಲಿಂಗಪ್ಪನ ದವಡೆ ನಿಂತಿತು. "ಏ, ಎಲ್ಲಿ ಒಪ್ಪಿಕೊಂಡೆ? ನೀ ಹೇಳಾಕತ್ತಿದ್ದಿ, ನಾ ಕೇಳಾಕತ್ತೇನಿ ಅಂತ ಹೂಂ ಅಂದೆ."

"ನಮ್ಮನಿಯವ್ರು ಬ್ಯಾರೆ ಏನು ಮಾಡಿದ್ರು, ಅಣ್ಣಾರ?"

ಕಟ್ಟೆಯ ಮೇಲೆ ಎದ್ದ ನಗೆ ಸಂತೆಯ ತುದಿಗೂ ಕೇಳಿಸಿತು. ಕಥೆಗಾರರು ಇಲ್ಲಿಗೆ ನಿಲ್ಲಿಸುತ್ತಾರೆ. ನಗೆ ಇಳಿದ ಮೇಲೆ ಏನಾಯಿತೆಂಬುದೇ ಮುಖ್ಯ. ಚನ್ನವೀರಪ್ಪನವರು ನಗದೆ ಕುಳಿತಿದ್ದರು. "ಗುದ್ಲೆಪ್ಪ, ಬಾ ಇಲ್ಲಿ," ಎಂದರು. "ಅವತ್ತು ನಾನೂ ಇದ್ದೆ. ನೀ ಕೇಳಿದ್ದಿ, ಕೇಳಿದ್ದಕ್ಕ ಹೂಂ ಅಂದಿ. ಒಪ್ಪಿದ್ದು ನಾ ಕೇಳಿಲ್ಲ. ಇದನ್ನ ಅವತ್ತ ಹೇಳಬೇಕಾಗಿತ್ತು."

ಮಹಾಲಿಂಗಪ್ಪ ಆಗ ತನ್ನ ನಿಜ ದನಿ ತೆಗೆದ. ನಾಳೆಯೇ ದಾವೆ ಹಾಕುತ್ತೇನೆ, ಮಕ್ಕಳ ಕೈಯಲ್ಲಿ ತಟ್ಟೆ ಹಿಡಿಸುತ್ತೇನೆ ಎಂದ. ಶಂಕ್ರವ್ವ ದನಿ ಏರಿಸಲಿಲ್ಲ.

"ಹಾಕ್ರಿ. ಹಾವೇರಿಗೆ ನಾ ಹೋಗಿ ಬಂದೇನಿ, ಹಾದಿ ಗೊತ್ತೈತಿ. ಸಮನ್ಸ ಬಂದ ದಿನ ಭಟ್ಟಿ ಆರಿಸಿ ಬರ್ತೇನಿ. ಕೋಟಿನವ್ರ ವಕೀಲರ ಹೆಸರು ಏನ್ರಿ? ನಮ್ಮ ವಕೀಲರು ಕೇಳ್ಯಾರ."

ಕರಿಕೋಟಿನವನು ಡಬ್ಬಿಯ ಮುಚ್ಚಳ ಹಾಕುವುದರಲ್ಲಿ ಮಗ್ನನಾದ. ಮಹಾಲಿಂಗಪ್ಪ ಕೊನೆಯದಾಗಿ ಗುದ್ಲೆಪ್ಪನ ಭುಜದ ಮೇಲೆ ಕೈಯಿಟ್ಟು, ಸಾಕಷ್ಟು ಮೆತ್ತಗೆ ಕೇಳಿದ: "ಇದೆಲ್ಲಾ ಬಿಡು ತಮ್ಮಾ. ಗಂಡಸು ಗಂಡಸು ಮಾತಾಡೂಣು. ಮುನ್ನೂರಾ ತೊಂಬತ್ತಮೂರು ಬ್ಯಾಡ, ನೂರಕ್ಕ ಒತ್ತು. ಏನಂತಿ?"

ಗುದ್ಲೆಪ್ಪ ಆ ಕೈಯನ್ನು ಭುಜದಿಂದ ಇಳಿಸಿದ. ಆಮೇಲೆ ಅಂದ:

"ಊಹೂಂ."

ದಾವೆ ಬರಲಿಲ್ಲ. ಆದರೆ ಬರುವುದಿಲ್ಲವೆಂದು ಆಗ ಯಾರಿಗೆ ಗೊತ್ತಿತ್ತು? ಮಳೆಗಾಲ ಮುಗಿಯುವವರೆಗೆ ಟಪಾಲಿನವನು ಓಣಿಗೆ ತಿರುಗಿದಾಗಲೆಲ್ಲ ಆಕೆ ಒಲೆಯ ಮುಂದಿನಿಂದ ಎದ್ದು ನಿಲ್ಲುತ್ತಿದ್ದಳು. ಒಮ್ಮೆ ಒಂದು ದಪ್ಪ ಲಕೋಟೆ ಬಂತು; ಓದಿಸಲು ಕಚೇರಿಗೆ ತಂದಳು. ಮೂರು ದಿನದಲ್ಲಿ ರೊಕ್ಕ ಕೊಡದಿದ್ದರೆ ಜೈಲು ಎಂದು ಬರೆದಿತ್ತು. ಅದಕ್ಕೆ ಯಾವ ಕೋರ್ಟಿನ ಮುದ್ರೆಯೂ ಇರಲಿಲ್ಲ, ಯಾರ ಸಹಿಯೂ ಇರಲಿಲ್ಲ. ಓದಿ ಹೇಳಿದೆ. ಆಕೆ ಅದನ್ನು ಮಡಿಸಿಕೊಂಡು ಹೋಗಿ ಮತ್ತೆ ಉಸುಕು ಕಾಯಿಸತೊಡಗಿದಳು. ಗುದ್ಲೆಪ್ಪ ಕಟ್ಟೆಗೆ ಮರಳಿದ.

ಅಷ್ಟಕ್ಕೆ ಶಂಕ್ರವ್ವ ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವಿರಲಿಲ್ಲ. ಅದೇ ಇಬ್ಬರು ಶಿಗ್ಗಾವಿಯ ಕಡೆ ತಿರುಗುತ್ತಿದ್ದಾರೆ, ಎರಡು ಮನೆಗಳಲ್ಲಿ ಆಗಲೇ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ ಎಂಬ ಸುದ್ದಿಯನ್ನು ಕರೀಮಸಾಬರು ತಂದರು. ಆ ಎರಡು ಮನೆಯವರ ಹೊಲದ ಗತಿ ಮುಂದೆ ಏನಾಯಿತೆಂದು ವಿಚಾರಿಸಲು ನನಗೆ ಆಗಲಿಲ್ಲ, ಒಳ್ಳೆಯದಾಗಿರಲಾರದು. ಸುದ್ದಿ ಕೇಳಿದ ವಾರವೇ ಶಂಕ್ರವ್ವ ಗಂಡನಿಗೆ ಎರಡು ಚೀಲ ಹೆಚ್ಚು ತುಂಬಲು ಹೇಳಿ, ಅಂದಿನವರೆಗೆ ಎಂದೂ ಕೂರದ ಶಿಗ್ಗಾವಿ ಸಂತೆಯಲ್ಲಿ ಹೋಗಿ ಕುಳಿತಳು. ಚುರುಮುರಿ ಅಳೆದು ಸೆರಗಿಗೆ ಹಾಕುವಾಗ ಒಬ್ಬೊಬ್ಬರಿಗೂ ಒಂದೇ ಮಾತು ಹೇಳಿದಳು: ಯಾರು ಬಂದು ಹಳೇ ಸಾಲ ಅಂದ್ರೂ ಹೊಸ ಕಾಗದಕ್ಕ ಹೆಬ್ಬೆಟ್ಟು ಒತ್ತಬ್ಯಾಡ್ರಿ, ಮದ್ಲ ಅಸಲು ಕೇಳ್ರಿ, ಹೂಂ ಅಂದದ್ದಕ್ಕ ಅಂಜಬ್ಯಾಡ್ರಿ. ಆ ವರ್ಷ ಸುಗ್ಗಿಯವರೆಗೆ ಒಂದು ಸಂತೆಯನ್ನೂ ಬಿಡಲಿಲ್ಲ. ಹೋಗಿಬರುವ ಮೋಟಾರಿನ ಖರ್ಚಿಗೆ ಅಲ್ಲಿಯ ಲಾಭ ಸರಿಹೋಗುತ್ತಿತ್ತು, ಉಳಿಯುತ್ತಿರಲಿಲ್ಲ. ಇದನ್ನು ಗುದ್ಲೆಪ್ಪನೇ ಹೇಳಿದ.

ಅಲ್ಲಿ ಒಂದು ದಿನ ಮಹಾಲಿಂಗಪ್ಪ ಎದುರಾದ. ಚೀಲದ ಮುಂದೆ ಗುಂಪು ಕಟ್ಟಿದ ಹೆಂಗಸರನ್ನು ನೋಡಿ ದೂರವೇ ನಿಂತು, ಅವರೆಲ್ಲ ಚದುರಿದ ಮೇಲೆ ಹತ್ತಿರ ಬಂದ. ಗುದ್ಲೆಪ್ಪ ಮಗ್ಗುಲಿಗೇ ಕುಳಿತಿದ್ದ. ಅವನಿಂದ ಕೇಳಿದ್ದು ಇದು.

"ನಿನ್ನ ಭಟ್ಟಿ ನಿನಗ ಉಳೀತಲ್ಲ ಶಂಕ್ರವ್ವ. ಊರ ಮಂದಿ ಉಸಾಬರಿ ನಿನಗ್ಯಾಕ? ನನ್ನ ಹೊಟ್ಟಿ ಮ್ಯಾಲೆ ಯಾಕ ಕಲ್ಲು ಹಾಕಾಕತ್ತಿ?"

ಶಂಕ್ರವ್ವ ಅಳತೆಯ ಸೇರನ್ನು ಚುರುಮುರಿಯೊಳಗೆ ಮುಳುಗಿಸಿ ತುಂಬಿದಳು.

"ಚುರುಮುರಿ ಬೇಕಾಗಿದ್ರ ತಗೋರಿ, ಅಣ್ಣಾರ. ರೊಕ್ಕ ಮದ್ಲ ಇಡ್ರಿ. ನಿಮಗ ಉದ್ರಿ ಇಲ್ಲ."

ಅವನು ಸೇರನ್ನು ನೋಡಿದ, ಆಕೆಯನ್ನು ನೋಡಿದ. ಸಂತೆಯೊಳಗೆ ನಡೆದುಹೋದ. ಆಕೆ ಆ ಸೇರನ್ನು ಮುಂದಿನ ಗಿರಾಕಿಯ ಸೆರಗಿಗೆ ಸುರಿದು, ಅವಳ ಊರು ಯಾವುದೆಂದು ಕೇಳಿದಳು.